ಸಮುದ್ರದಿಂದ ತಂದ ಕೈಗಡ

ಹವಾಮಾನದ ಮಾತುಕತೆಗೆ ಕೂರುವ ಎಲ್ಲ ದೇಶಗಳ ಪ್ರತಿನಿಧಿಗಳಿಗೆ, ಮತ್ತು ಅವರ ಬೆನ್ನ ಹಿಂದೆ ಕೂತು ವಿಜ್ಞಾನದ ಬಜೆಟ್ ಬರೆಯುವ ಅಧಿಕಾರಿಗಳಿಗೆ,

ಮಾನ್ಯರೇ,

ಕೈಗಡ ಅನ್ನುವುದು ವಿಚಿತ್ರವಾದ ಸಾಲ. ಪತ್ರ ಇರುವುದಿಲ್ಲ, ಸಾಕ್ಷಿ ಇರುವುದಿಲ್ಲ, ಬಡ್ಡಿಯ ಮಾತೂ ಬರುವುದಿಲ್ಲ. ಕೇಳಿದ ಕೂಡಲೇ ಸಿಗುತ್ತದೆ. ಸುಲಭವಾಗಿ ಸಿಕ್ಕಿದ್ದಕ್ಕೇ ಬೇಗ ಮರೆತೂ ಹೋಗುತ್ತದೆ. ಕೊಟ್ಟವರು ಸುಮ್ಮನಿದ್ದಷ್ಟು ದಿನ ತೆಗೆದುಕೊಂಡವರಿಗೆ ಅದು ಸಾಲ ಅಂತ ಅನಿಸುವುದೇ ಇಲ್ಲ.

ಮನುಷ್ಯರು ಸಮುದ್ರದಿಂದ ಇಂಥದ್ದೊಂದು ಕೈಗಡ ತೆಗೆದುಕೊಳ್ಳಲು ಶುರು ಮಾಡಿ ಇನ್ನೂರು ವರ್ಷ ದಾಟಿತು. ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಟ್ಟು, ಕಾಡು ಕಡಿದು ನಾವು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಹೆಚ್ಚೂಕಡಿಮೆ ಕಾಲು ಭಾಗವನ್ನು ಸಮುದ್ರ ಒಳಗೆ ಎಳೆದುಕೊಳ್ಳುತ್ತದೆ. ಈಗಿನ ಲೆಕ್ಕದಲ್ಲಿ ವರ್ಷಕ್ಕೆ 1,000 ಕೋಟಿ ಟನ್ನಿಗೂ ಸ್ವಲ್ಪ ಜಾಸ್ತಿ. ಇಷ್ಟು ದೊಡ್ಡ ಸಹಾಯಕ್ಕೆ ನಿಮ್ಮ ದಾಖಲೆಗಳಲ್ಲಿ ಎಲ್ಲಿ ಜಾಗ ಇದೆ ಅಂತ ಹುಡುಕಿದೆ. ದೇಶಗಳು ವಿಶ್ವಸಂಸ್ಥೆಗೆ ಕೊಡುವ ಲೆಕ್ಕಪತ್ರದಲ್ಲಿ ಕಾಡಿಗೆ ಕಾಲಂ ಇದೆ, ಹೊಲಕ್ಕೆ ಇದೆ, ಜೌಗು ನೆಲಕ್ಕೂ ಇದೆ. ತೆರೆದ ಸಮುದ್ರಕ್ಕೆ ಇಲ್ಲ. ಇರಬೇಕು ಅಂತ ನಾನು ಹೇಳುತ್ತಿಲ್ಲ. ಯಾರದೂ ಅಲ್ಲದ ನೀರಿನ ಪುಣ್ಯವನ್ನು ಯಾವುದೋ ಒಂದು ದೇಶ ತನ್ನ ಖಾತೆಗೆ ಬರೆದುಕೊಳ್ಳುವುದು ಬೇಡವೇ ಬೇಡ. ನನ್ನ ತಕರಾರು ಬೇರೆ. ಯಾರ ಖಾತೆಯಲ್ಲೂ ಇಲ್ಲದ ಈ ಸಾಲದ ಲೆಕ್ಕ ಇಡುವ ಕೆಲಸವೂ ಯಾರದೂ ಅಲ್ಲದ ಕೆಲಸವಾಗಿಬಿಟ್ಟಿದೆ. ಈ ಪತ್ರ ಅದಕ್ಕಾಗಿ.

ನಾನು ಸಮುದ್ರ ವಿಜ್ಞಾನಿ ಅಲ್ಲ. ಈ ವಿಷಯದ ಹಿಂದೆ ಬಿದ್ದು ಓದುತ್ತಾ ಬಂದ ಒಬ್ಬ ಸಾಮಾನ್ಯ ಓದುಗ. ಹಾಗಾಗಿ ನನಗೆ ಅರ್ಥವಾದ ದಾರಿಯಲ್ಲೇ ಹೇಳುತ್ತೇನೆ. ಒಂದು ಮಾತು ಮೊದಲೇ ತಿಳಿಸಿಬಿಡುತ್ತೇನೆ. ಕೆಲವು ಕಡೆ ಕಾರ್ಬನ್ ಡೈಆಕ್ಸೈಡಿನ ತೂಕ ಹೇಳುತ್ತೇನೆ, ಕೆಲವು ಕಡೆ ಅದರೊಳಗಿನ ಇಂಗಾಲದ ತೂಕ ಮಾತ್ರ. ಒಂದು ಟನ್ ಇಂಗಾಲ ಅಂದರೆ ಸುಮಾರು 3.67 ಟನ್ ಕಾರ್ಬನ್ ಡೈಆಕ್ಸೈಡ್. ಈ ಎರಡನ್ನು ಕಲಸಿಕೊಂಡು ಜಗಳ ಆಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಸೋಡಾ ಬಾಟಲಿಯಿಂದಲೇ ಶುರು ಮಾಡೋಣ. ಒತ್ತಡ ಹಾಕಿದರೆ ಗ್ಯಾಸ್ ನೀರಿಗೆ ಇಳಿಯುತ್ತದೆ. ಮುಚ್ಚಳ ತೆಗೆದರೆ ಬುಸ್ಸೆಂದು ಹೊರಗೆ ಬರುತ್ತದೆ. ತಣ್ಣಗಿದ್ದರೆ ಹೆಚ್ಚು ಹೊತ್ತು ಉಳಿಯುತ್ತದೆ, ಬಿಸಿಯಾದರೆ ಬೇಗ ಹಾರಿಹೋಗುತ್ತದೆ. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದಷ್ಟೂ ಸಮುದ್ರದ ಮೇಲೆ ಅದರ ಒತ್ತಡ ಜಾಸ್ತಿ, ಆದ್ದರಿಂದ ಒಳಗೆ ಇಳಿಯುವುದೂ ಜಾಸ್ತಿ. ಮೊದಲ ಪಾಠ ಇಷ್ಟೇ.

ಆದರೆ ಇಷ್ಟೇ ಆಗಿದ್ದರೆ ಸಮುದ್ರ ಇಷ್ಟೊಂದು ನುಂಗುತ್ತಲೇ ಇರಲಿಲ್ಲ. ಆಮ್ಲಜನಕವನ್ನು ನೋಡಿ. ಅದು ನೀರಿನಲ್ಲಿ ಕರಗುತ್ತದೆ, ಕರಗಿ ಆಮ್ಲಜನಕವಾಗಿಯೇ ಉಳಿಯುತ್ತದೆ. ಅದಕ್ಕೇ ಅದರ ಬಹುಪಾಲು ಗಾಳಿಯಲ್ಲೇ ಇದೆ. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ಅದು ನೀರಿಗೆ ಬಿದ್ದ ಕೂಡಲೇ ವೇಷ ಬದಲಿಸುತ್ತದೆ. ಸಮುದ್ರದ ನೀರಿನಲ್ಲಿ ಕಾರ್ಬೊನೇಟ್ ಅನ್ನುವ ಕಣಗಳಿವೆ. ಒಳಗೆ ಬಂದ ಗ್ಯಾಸನ್ನು ಅವು ಹಿಡಿದು, ನೀರಿನ ಜೊತೆ ಸೇರಿಸಿ, ಬೈಕಾರ್ಬೊನೇಟ್ ಮಾಡಿಬಿಡುತ್ತವೆ. ಹಾಗಾಗಿ ಸಮುದ್ರದಲ್ಲಿ ಕರಗಿರುವ ಇಂಗಾಲವನ್ನು ನೂರು ಪಾಲು ಮಾಡಿದರೆ ಸುಮಾರು 90 ಪಾಲು ಬೈಕಾರ್ಬೊನೇಟ್, 9 ಪಾಲು ಕಾರ್ಬೊನೇಟ್. ಗ್ಯಾಸಾಗಿಯೇ ಉಳಿದಿರುವುದು ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ. ಗಾಳಿಗೆ ಕಾಣುವುದು ಆ ಒಂದು ಪಾಲು ಮಾತ್ರ. ಉಳಿದ 99 ಪಾಲು ಒಳಕೋಣೆಯಲ್ಲಿ ಅಡಗಿ ಕೂತಿರುತ್ತದೆ. ಬಾಗಿಲಲ್ಲಿ ನಿಂತು ನೋಡಿದ ಗಾಳಿಗೆ ಮನೆ ಖಾಲಿ ಇದ್ದಂತೆ ಕಾಣುತ್ತದೆ, ಇನ್ನಷ್ಟು ಒಳಗೆ ಕಳಿಸುತ್ತದೆ.

ಸಮುದ್ರದಲ್ಲಿ ಒಟ್ಟು ಇರುವ ಇಂಗಾಲ ಸುಮಾರು 38 ಲಕ್ಷ ಕೋಟಿ ಟನ್. ಗಾಳಿಯಲ್ಲಿ ಇರುವುದರ 40 ಪಟ್ಟಿಗೂ ಜಾಸ್ತಿ. ಇದನ್ನು ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಅಷ್ಟು ದೊಡ್ಡ ಗುಡಾಣದಲ್ಲಿ ನಮ್ಮದೊಂದು ಚಮಚ, ಅದರಿಂದ ಏನಾಗುತ್ತೆ ಬಿಡಿ! ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಎಷ್ಟೋ ವಿಜ್ಞಾನಿಗಳೂ ಹೀಗೇ ನಂಬಿದ್ದರು. ನಾವು ಬಿಟ್ಟಿದ್ದನ್ನೆಲ್ಲ ಸಮುದ್ರ ಬೇಗನೇ ತೆಗೆದುಕೊಂಡುಬಿಡುತ್ತದೆ, ಗಾಳಿಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಅಂತ.

1957ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಮುದ್ರ ವಿಜ್ಞಾನ ಸಂಸ್ಥೆಯ ರೋಜರ್ ರೆವೆಲ್ ಮತ್ತು ಹ್ಯಾನ್ಸ್ ಸೂಸ್ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಆ ನಂಬಿಕೆಯನ್ನು ಅಲುಗಾಡಿಸುವ ಒಂದು ಮಾತಿತ್ತು. ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 10ರಷ್ಟು ಏರಿದರೆ, ಅದರ ಜೊತೆ ಸಮತೋಲಕ್ಕೆ ಬಂದ ಮೇಲ್ನೀರಿನಲ್ಲಿ ಒಟ್ಟು ಇಂಗಾಲ ಏರುವುದು ನೂರಕ್ಕೆ ಸುಮಾರು 1ರಷ್ಟು ಮಾತ್ರ. ಕಾರಣ ಅದೇ ಕಾರ್ಬೊನೇಟ್. ಬಂದವರನ್ನೆಲ್ಲ ಒಳಕೋಣೆಗೆ ಕರೆದೊಯ್ಯುವ ಆಳುಗಳು ಅವು. ಒಬ್ಬೊಬ್ಬರನ್ನು ಕರೆದೊಯ್ದಾಗಲೂ ಆ ಆಳು ತಾನೂ ಬೈಕಾರ್ಬೊನೇಟ್ ಆಗಿ ಒಳಗೇ ಉಳಿದುಬಿಡುತ್ತಾನೆ. ಬಾಗಿಲಿಗೆ ವಾಪಸ್ ಬರುವುದಿಲ್ಲ. ಬರುಬರುತ್ತಾ ಆಳುಗಳೇ ಕಡಿಮೆ. ಈ ಹತ್ತಕ್ಕೆ ಒಂದರ ಲೆಕ್ಕಕ್ಕೆ ಈಗ ರೆವೆಲ್ ಅಂಶ ಅಂತ ಹೆಸರು. ಬಿಸಿ ನೀರಿನಲ್ಲಿ ಅದು 8-9ರ ಹತ್ತಿರ ಇರುತ್ತದೆ, ಧ್ರುವಗಳ ತಣ್ಣನೆಯ ನೀರಿನಲ್ಲಿ 15ರವರೆಗೂ ಹೋಗುತ್ತದೆ. ನಾವು ಇನ್ನೂ ಇನ್ನೂ ಬಿಟ್ಟಂತೆಲ್ಲ ಎಲ್ಲ ಕಡೆಯೂ ಏರುತ್ತಾ ಹೋಗುತ್ತದೆ. ಏರಿತು ಅಂದರೆ ಸಮುದ್ರದ ಕೈ ಬಿಗಿಯಾಯಿತು ಅಂತ ಅರ್ಥ.

ಮರುವರ್ಷ, 1958ರಲ್ಲಿ, ಅದೇ ಸಂಸ್ಥೆಯ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯನ್ನು ಅಳೆಯಲು ಶುರು ಮಾಡಿದರು. ಆಗ ಕಾರ್ಬನ್ ಡೈಆಕ್ಸೈಡ್ 315 ಪಿಪಿಎಂ ಆಸುಪಾಸು ಇತ್ತು, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 315 ಪಾಲು. ಈಗ 420 ದಾಟಿದೆ. ಕೈಗಾರಿಕೆಗಳಿಗೆ ಮೊದಲು 280 ಇತ್ತು. ಸಮುದ್ರ ಎಲ್ಲವನ್ನೂ ನುಂಗುವುದಿಲ್ಲ ಅನ್ನುವುದಕ್ಕೆ ಆಮೇಲೆ ವಾದ ಬೇಕಾಗಲಿಲ್ಲ.

ಇದಿಷ್ಟು ರಸಾಯನಶಾಸ್ತ್ರ. ಇನ್ನೊಂದು ಅಡ್ಡಿ ಸಮುದ್ರದ ಮೈಯಲ್ಲೇ ಇದೆ. ಸಮುದ್ರದ ಸರಾಸರಿ ಆಳ 3,700 ಮೀಟರ್ ಹತ್ತಿರ. ಅದರಲ್ಲಿ ಗಾಳಿಯ ಕೈಗೆ ಸಿಗುವುದು ಅಲೆ ಮತ್ತು ಬಿರುಗಾಳಿ ಕಲಕುವ ಮೇಲಿನ ಪದರ ಮಾತ್ರ, ಬಹಳ ಕಡೆ ನೂರು ಮೀಟರಿನ ಆಸುಪಾಸು. ಈ ಪದರ ಗಾಳಿಯ ಜೊತೆ ಲೆಕ್ಕ ಸರಿಮಾಡಿಕೊಳ್ಳಲು ಸುಮಾರು ಒಂದು ವರ್ಷ ಸಾಕು. ಅದರ ಕೆಳಗಿನ ನೀರಿಗೆ ಶತಮಾನಗಳು ಬೇಕು. ಬಿಸಿಯಾದ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ. ಸುಮ್ಮನೆ ಬೆರೆಯುವುದಿಲ್ಲ. ಕನ್ನಡದಲ್ಲಿ ಇಂಗಾಲ ಇಂಗುತ್ತದೆ ಅಂದರೆ ಕಿವಿಗೆ ಎಷ್ಟು ಚೆನ್ನಾಗಿದೆ ಅಲ್ವಾ? ಆ ಎರಡು ಪದಗಳಿಗೆ ಸಂಬಂಧ ಇಲ್ಲ, ಆದರೆ ಕೆಲಸ ನಡೆಯುವುದು ಹಾಗೇ. ಗಟ್ಟಿ ನೆಲದಲ್ಲಿ ಮಳೆನೀರು ಇಂಗಿದ ಹಾಗೆ, ಎಲ್ಲೆಲ್ಲಿ ಬಿರುಕಿದೆಯೋ ಅಲ್ಲಲ್ಲಿ ಮಾತ್ರ, ನಿಧಾನವಾಗಿ.

ಆ ಬಿರುಕುಗಳು ಎಲ್ಲಿವೆ? ಒಂದು, ಉತ್ತರ ಅಟ್ಲಾಂಟಿಕ್. ಗ್ರೀನ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಸುತ್ತಮುತ್ತ ಚಳಿಗಾಲದಲ್ಲಿ ಉಪ್ಪು ಜಾಸ್ತಿ ಇರುವ ನೀರು ತಣ್ಣಗಾಗಿ, ಭಾರವಾಗಿ ಆಳಕ್ಕೆ ಮುಳುಗುತ್ತದೆ. ಮುಳುಗುವಾಗ ನಮ್ಮ ಇಂಗಾಲವನ್ನೂ ಜೊತೆಗೆ ಒಯ್ಯುತ್ತದೆ. ಅದಕ್ಕೇ ಸಮುದ್ರದ ಒಟ್ಟು ವಿಸ್ತಾರದಲ್ಲಿ ನೂರಕ್ಕೆ 15ರಷ್ಟಿರುವ ಉತ್ತರ ಅಟ್ಲಾಂಟಿಕ್‌ನಲ್ಲಿ ಮನುಷ್ಯರ ಇಂಗಾಲದ ನೂರಕ್ಕೆ 23 ಪಾಲು ಸಿಕ್ಕಿತು. ಇನ್ನೊಂದು, ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರ. ಅಲ್ಲಿನ ಗಾಳಿಯ ಹೊಡೆತಕ್ಕೆ ತಳದ ಹಳೆಯ ನೀರು ಮೇಲೆ ಬರುತ್ತದೆ. ಕಾರ್ಖಾನೆಗಳು ಹುಟ್ಟುವ ಮೊದಲು ಕೊನೆಯ ಬಾರಿ ಆಕಾಶ ಕಂಡಿದ್ದ ನೀರು ಅದು. ಈಗಿನ ಗಾಳಿ ಅದಕ್ಕೆ ಹೊಸದು. ಸಮುದ್ರಗಳೆಲ್ಲ ಸೇರಿ ತೆಗೆದುಕೊಳ್ಳುವ ಮನುಷ್ಯರ ಇಂಗಾಲದಲ್ಲಿ ಸುಮಾರು ನೂರಕ್ಕೆ 40 ಪಾಲು ಒಳಗೆ ಹೋಗುವುದು ಈ ಬಾಗಿಲಿನಿಂದ. ಆದರೆ ಅದು ಅಲ್ಲೇ ಉಳಿಯುವುದಿಲ್ಲ. ಉತ್ತರದ ಕಡೆ ಹರಿದು, ಸಮಶೀತೋಷ್ಣ ಸಮುದ್ರಗಳ ನಡುಪದರಗಳಲ್ಲಿ ಹೋಗಿ ಕೂರುತ್ತದೆ. ಬಾಗಿಲು ಒಂದು ಕಡೆ, ಉಗ್ರಾಣ ಇನ್ನೊಂದು ಕಡೆ. ಮೇಲಿನಿಂದ ಮಾತ್ರ ಅಳೆದರೆ ಈ ಲೆಕ್ಕ ಸಿಗುವುದಿಲ್ಲ.

ಉತ್ತರ ಪೆಸಿಫಿಕ್‌ನ ತಳದ ನೀರು ಗಾಳಿ ಕಂಡು ಸಾವಿರ ವರ್ಷದ ಮೇಲಾಗಿದೆ. ಅಲ್ಲಿಗೆ ನಮ್ಮ ಹೊಗೆ ಇನ್ನೂ ತಲುಪಿಲ್ಲ. ತಲುಪುತ್ತದೆ, ನಾವ್ಯಾರೂ ಇಲ್ಲದ ಕಾಲಕ್ಕೆ.

ಒಂದು ನೀರು ಕೊನೆಯ ಬಾರಿ ಯಾವಾಗ ಗಾಳಿ ಕಂಡಿತು ಅಂತ ಹೇಗೆ ಗೊತ್ತಾಗುತ್ತದೆ? ಈ ಭಾಗ ನನಗೆ ತುಂಬಾ ಇಷ್ಟ. ಹಳೇ ಫ್ರಿಜ್ಜುಗಳಲ್ಲಿ, ಸ್ಪ್ರೇ ಡಬ್ಬಿಗಳಲ್ಲಿ ಕ್ಲೋರೋಫ್ಲೋರೋಕಾರ್ಬನ್ ಅನ್ನುವ ಗ್ಯಾಸ್ ಇರುತ್ತಿತ್ತು. ಓಝೋನ್ ಪದರಕ್ಕೆ ತೂತು ಮಾಡಿದ ಅದೇ ಗ್ಯಾಸ್. 1930ರ ದಶಕಕ್ಕೆ ಮೊದಲು ಅದು ಗಾಳಿಯಲ್ಲಿ ಇರಲಿಲ್ಲ. ಆಮೇಲೆ ಯಾವ ವರ್ಷ ಎಷ್ಟಿತ್ತು ಅನ್ನುವುದಕ್ಕೆ ಲೆಕ್ಕ ಇದೆ. ಆಳದ ನೀರಿನಲ್ಲಿ ಅದು ಎಷ್ಟಿದೆ ಅಂತ ಅಳೆದರೆ, ಆ ನೀರು ಮುಳುಗಿದ ಕಾಲ ಸಿಗುತ್ತದೆ. 1960ರ ದಶಕದ ಆರಂಭದ ಅಣುಬಾಂಬ್ ಪರೀಕ್ಷೆಗಳು ಚೆಲ್ಲಿದ ವಿಕಿರಣಶೀಲ ಇಂಗಾಲವೂ ಹೀಗೇ ತಾರೀಖು ಹೇಳುತ್ತದೆ. ನಾವು ಮಾಡಿದ ಎರಡು ಅನಾಹುತಗಳು ಮೂರನೆಯದರ ಲೆಕ್ಕ ಹಿಡಿಯಲು ಸಹಾಯ ಮಾಡಿದವು.

1990ರ ದಶಕದಲ್ಲಿ ಹಲವು ದೇಶಗಳ ಹಡಗುಗಳು ಎಲ್ಲ ಸಾಗರಗಳನ್ನೂ ಅಡ್ಡಡ್ಡ, ಉದ್ದುದ್ದ ದಾಟಿ ನೀರು ಎತ್ತಿ ಅಳೆದವು. ಆ ಅಳತೆಗಳಿಂದ 2004ರಲ್ಲಿ ಮೊದಲ ಬಾರಿಗೆ ಒಟ್ಟು ಸಾಲದ ಮೊತ್ತ ಹೊರಬಿತ್ತು. 1800ರಿಂದ 1994ರವರೆಗೆ ಸಮುದ್ರಕ್ಕೆ ಹೋದ ಮನುಷ್ಯರ ಇಂಗಾಲ 11,800 ಕೋಟಿ ಟನ್, ಒಂದು 1,900 ಕೋಟಿ ಟನ್ ಆಚೀಚೆ. ಮತ್ತೆ ಅದೇ ಗೆರೆಗಳ ಮೇಲೆ ಹಡಗುಗಳು ಹೋದವು. 1994ರಿಂದ 2007ರವರೆಗಿನ ಹದಿಮೂರು ವರ್ಷಕ್ಕೆ ಇನ್ನೂ 3,400 ಕೋಟಿ ಟನ್ ಸೇರಿದ್ದು 2019ರಲ್ಲಿ ಪ್ರಕಟವಾಯಿತು. ಹಿಂದಿನ ಇನ್ನೂರು ವರ್ಷ ತುಂಬಿದ್ದರ ಕಾಲು ಭಾಗಕ್ಕೂ ಜಾಸ್ತಿ, ಬರೀ ಹದಿಮೂರು ವರ್ಷದಲ್ಲಿ. 1994ರ ಆ ಮೊತ್ತದಲ್ಲಿ ಅರ್ಧದ ಹತ್ತಿರ ಮೇಲಿನ 400 ಮೀಟರಿನಲ್ಲೇ ಕೂತಿತ್ತು ಅನ್ನುವುದನ್ನೂ ಗಮನಿಸಿ. ದೊಡ್ಡ ಗುಡಾಣದಲ್ಲಿ ಒಂದು ಚಮಚ ಅನ್ನುವ ವಾದ ಇಲ್ಲೇ ಸೋಲುತ್ತದೆ. ನಮ್ಮ ಚಮಚ ಗುಡಾಣದ ತುಂಬ ಹರಡಿಲ್ಲ. ಬಾಯಿಯ ಹತ್ತಿರವೇ ತೇಲುತ್ತಿದೆ.

ನಿಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುವ ಒಂದು ಸಮಾಧಾನದ ಮಾತಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಸಮುದ್ರ ವರ್ಷದಿಂದ ವರ್ಷಕ್ಕೆ ಜಾಸ್ತಿಯೇ ನುಂಗುತ್ತಿದೆಯಲ್ಲ, ಹಾಗಾದರೆ ಏನು ಚಿಂತೆ ಅಂತ. ನಿಜ, 1960ರ ದಶಕದಲ್ಲಿ ನುಂಗುತ್ತಿದ್ದದ್ದು ಈಗಿನ ಅರ್ಧಕ್ಕಿಂತ ಕಡಿಮೆ. ಆದರೆ ಜಾಸ್ತಿ ನುಂಗುತ್ತಿರುವುದು ನಾವು ಜಾಸ್ತಿ ತುರುಕುತ್ತಿರುವುದಕ್ಕೆ. ಗಾಳಿಯಲ್ಲಿ ಒತ್ತಡ ಏರುತ್ತಲೇ ಇರುವುದರಿಂದ ಒಳಗೆ ಹೋಗುವುದೂ ಏರುತ್ತಿದೆ. ನೋಡಬೇಕಾದದ್ದು ಗಾಳಿಯಲ್ಲಿ ಏರಿದಷ್ಟಕ್ಕೆ ತಕ್ಕ ಹಾಗೆ ಸಮುದ್ರ ತೆಗೆದುಕೊಳ್ಳುತ್ತಿದೆಯೇ ಅನ್ನುವುದನ್ನು. 1994ರಿಂದ 2004ರವರೆಗಿನ ಹತ್ತು ವರ್ಷವನ್ನು ಅದರ ಮುಂದಿನ ಹತ್ತು ವರ್ಷದ ಜೊತೆ ಹೋಲಿಸಿ 2023ರಲ್ಲಿ ಬಂದ ಲೆಕ್ಕ, ಆ ಹೊಂದಾಣಿಕೆ ಸ್ವಲ್ಪ ಸಡಿಲವಾದ ಸೂಚನೆ ಕೊಟ್ಟಿದೆ. ಮೊದಲ ದಶಕದಲ್ಲಿ ಸುಮಾರು 2,900 ಕೋಟಿ ಟನ್ ಇಂಗಾಲ, ಎರಡನೆಯದರಲ್ಲಿ 2,700 ಕೋಟಿ ಟನ್. ಎರಡಕ್ಕೂ 300 ಕೋಟಿ ಟನ್ ಆಚೀಚೆ ಇದೆ, ಹಾಗಾಗಿ ಇದನ್ನೇ ಹಿಡಿದು ಗಾಬರಿ ಬೀಳುವುದು ಬೇಡ. ಆದರೆ ನೋಡಿ, ಗಾಬರಿ ಬೀಳಬೇಕೋ ಬೇಡವೋ ಅಂತ ತೀರ್ಮಾನಿಸಲು ಮುಂದಿನ ದಶಕದ ಅಳತೆ ಬೇಕು. ನಾನು ಕೇಳುತ್ತಿರುವುದು ಅದನ್ನೇ.

ಅದಕ್ಕೆ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ತುಂಬಾ ವರ್ಷ ನಾನು, ಸಮುದ್ರ ನಮ್ಮ ಕಾರ್ಬನ್ ಡೈಆಕ್ಸೈಡ್ ನುಂಗುವುದು ಅದರಲ್ಲಿರುವ ಸೂಕ್ಷ್ಮ ಸಸ್ಯಗಳಿಂದ ಅಂತ ತಿಳಿದಿದ್ದೆ. ಕಾಡಿನಲ್ಲಿ ಮರ, ಸಮುದ್ರದಲ್ಲಿ ಪ್ಲಾಂಕ್ಟನ್, ಕೆಲಸ ಒಂದೇ ಅಂತ. ನಾಲ್ಕು ಜನಕ್ಕೆ ಹಾಗೆಂದು ಹೇಳಿಯೂ ಇದ್ದೆ. ಅದು ಸರಿಯಲ್ಲ. ಪ್ಲಾಂಕ್ಟನ್ ಇಂಗಾಲವನ್ನು ಆಳಕ್ಕೆ ಸಾಗಿಸುವುದು ಖಂಡಿತ ನಿಜ. ಆ ಕೆಲಸ ನಿಂತರೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇನ್ನೂ 200 ಪಿಪಿಎಂನಷ್ಟು ಏರುತ್ತಿತ್ತು ಅನ್ನುವ ಅಂದಾಜಿದೆ. ಆದರೆ ಈ ಕೆಲಸ ಕೈಗಾರಿಕೆಗಳಿಗೆ ಮೊದಲೂ ನಡೆಯುತ್ತಿತ್ತು. ಒಂದು ಕಡೆ ಇಳಿದಷ್ಟು ಇನ್ನೊಂದು ಕಡೆ ಮೇಲೆ ಬರುತ್ತಿತ್ತು. ಪ್ಲಾಂಕ್ಟನ್ ಬೆಳೆಯಲು ಕೊರತೆ ಇರುವುದು ಸಾರಜನಕ, ರಂಜಕ, ಕಬ್ಬಿಣದಂಥ ಪೋಷಕಾಂಶಗಳದ್ದು, ಕಾರ್ಬನ್ ಡೈಆಕ್ಸೈಡಿನದ್ದಲ್ಲ. ನಾವು ಹೊಗೆ ಜಾಸ್ತಿ ಬಿಟ್ಟೆವು ಅಂತ ಅವು ಜಾಸ್ತಿ ಉಣ್ಣುವುದಿಲ್ಲ. ಇಲ್ಲಿಯವರೆಗೆ ಸೇರಿದ ನಮ್ಮ ಪಾಲನ್ನು ಒಳಗೆ ಎಳೆದದ್ದು ಬಹುಮಟ್ಟಿಗೆ ನಾನು ಮೇಲೆ ಹೇಳಿದ ರಸಾಯನಶಾಸ್ತ್ರ ಮತ್ತು ನೀರಿನ ಓಟ.

ಈ ತಪ್ಪು ತಿಳಿವಳಿಕೆ ನನ್ನಂಥವರ ತಲೆಯಲ್ಲಿದ್ದರೆ ಯಾರಿಗೂ ನಷ್ಟ ಇಲ್ಲ. ಮುಳುಗಿಸಿದ ಇಂಗಾಲಕ್ಕೆ ರಸೀದಿ ಮಾರುವ ವ್ಯಾಪಾರ ಆದಾಗ ನಷ್ಟ. ಕಬ್ಬಿಣದ ಕೊರತೆ ಇರುವ ಕಡೆ ಕಬ್ಬಿಣ ಚೆಲ್ಲಿದರೆ ಪ್ಲಾಂಕ್ಟನ್ ಬೆಳೆದು ಇಂಗಾಲ ಒಯ್ಯುತ್ತದೆ ಅನ್ನುವ ವಿಚಾರವನ್ನು 1993ರಿಂದ ಈಚೆಗೆ ಹಲವು ಬಾರಿ ಸಮುದ್ರದಲ್ಲೇ ಪರೀಕ್ಷಿಸಿದ್ದಾರೆ. 2009ರಲ್ಲಿ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಸೇರಿ ಪೋಲಾರ್‌ಸ್ಟೆರ್ನ್ ಹಡಗಿನಲ್ಲಿ ನಡೆಸಿದ ಲೋಹಾಫೆಕ್ಸ್ ಅವುಗಳಲ್ಲೊಂದು. ಹೆಸರಿನಲ್ಲಿರುವ ಲೋಹ ನಮ್ಮ ಲೋಹವೇ! ಕಬ್ಬಿಣ ಬಿದ್ದ ಮೇಲೆ ನೀರು ಹಸಿರಾಯಿತು. ಆದರೆ ಅಲ್ಲಿ ಸಿಲಿಕಾ ಕಡಿಮೆ ಇದ್ದದ್ದರಿಂದ ಗಟ್ಟಿ ಚಿಪ್ಪಿನ ಡಯಾಟಮ್‌ಗಳು ಬೆಳೆಯಲಿಲ್ಲ. ಬೆಳೆದ ಮೆತ್ತನೆಯ ಪಾಚಿಯನ್ನು ಸಿಗಡಿಯ ಜಾತಿಯ ಪುಟ್ಟ ಜೀವಿಗಳು ಮೇಯ್ದವು. ಆಳಕ್ಕೆ ಹೋದ ಇಂಗಾಲ ಅತ್ಯಲ್ಪ. ಇದು ಸೋತ ಪ್ರಯೋಗ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಪ್ರಯೋಗ, ಪ್ರಾಮಾಣಿಕ ಉತ್ತರ. ಹಸಿರು ಕಂಡ ಮಾತ್ರಕ್ಕೆ ಇಂಗಾಲ ಮುಳುಗಿತು ಅಂತ ರಸೀದಿ ಬರೆಯಬೇಡಿ ಅನ್ನುವುದೇ ಆ ಉತ್ತರ. ಸಂಶೋಧನೆ ಬಿಟ್ಟು ಬೇರೆ ಉದ್ದೇಶಕ್ಕೆ ಸಮುದ್ರಕ್ಕೆ ಗೊಬ್ಬರ ಹಾಕಬಾರದು ಅಂತ, ಸಮುದ್ರಕ್ಕೆ ಕಸ ಸುರಿಯುವುದನ್ನು ತಡೆಯುವ ಲಂಡನ್ ಒಪ್ಪಂದದ ದೇಶಗಳು 2008ರಲ್ಲಿ ನಿರ್ಣಯ ಮಾಡಿವೆ. ಅದನ್ನು ಕಾನೂನಾಗಿ ಕಟ್ಟುವ 2013ರ ತಿದ್ದುಪಡಿಗೆ ಸಾಕಷ್ಟು ದೇಶಗಳು ಸಹಿ ಹಾಕದೆ ಅದು ಇನ್ನೂ ಜಾರಿಗೆ ಬಂದಿಲ್ಲ. ಆ ಸಹಿ ಹಾಕಬೇಕಾದವರು ನೀವೇ.

ಈಗ ಅಳತೆಯ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಸಮುದ್ರ ಮತ್ತು ಗಾಳಿ ಪ್ರತಿ ವರ್ಷ ಪರಸ್ಪರ ಬದಲಾಯಿಸಿಕೊಳ್ಳುವ ಇಂಗಾಲ ಸುಮಾರು 8,000 ಕೋಟಿ ಟನ್. ಅಷ್ಟು ಒಳಗೆ, ಹೆಚ್ಚೂಕಡಿಮೆ ಅಷ್ಟೇ ಹೊರಗೆ. ಈ ಎರಡರ ನಡುವಿನ ಸಣ್ಣ ವ್ಯತ್ಯಾಸವೇ ನಮ್ಮ ಕೈಗಡ, 300 ಕೋಟಿ ಟನ್ನಿನ ಹತ್ತಿರ. ನೀರಿನೊಳಗೆ ನೋಡಿದರೆ ಇನ್ನೂ ಕಷ್ಟ. ಒಂದು ಕಿಲೋ ಸಮುದ್ರದ ನೀರಿನಲ್ಲಿರುವ ಇಂಗಾಲವನ್ನು ಎರಡು ಸಾವಿರ ಪಾಲು ಮಾಡಿ. ಒಂದು ವರ್ಷಕ್ಕೆ ಮೇಲ್ನೀರಿನಲ್ಲಿ ಏರುವುದು ಅದರಲ್ಲಿ ಒಂದು ಪಾಲು. ಎರಡು ಸಾವಿರಕ್ಕೆ ಒಂದನ್ನು ತಪ್ಪಿಲ್ಲದೆ ಅಳೆಯಬೇಕು. ಅದೂ ಬೇರೆ ಬೇರೆ ದೇಶದ, ಬೇರೆ ಬೇರೆ ಉಪಕರಣ ಇರುವ, ಅಲೆಯಲ್ಲಿ ಓಲಾಡುವ ಹಡಗುಗಳ ಮೇಲೆ.

ಇದು ಸಾಧ್ಯವಾದದ್ದು ಒಂದು ಬಾಟಲಿಯಿಂದ. ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಆಂಡ್ರ್ಯೂ ಡಿಕ್ಸನ್ ಅವರ ಪ್ರಯೋಗಾಲಯ ಸಮುದ್ರದ ನೀರನ್ನು ಸೋಸಿ, ಜೀವಿಗಳು ಬೆಳೆಯದಂತೆ ಚೂರು ಪಾದರಸದ ಉಪ್ಪು ಬೆರೆಸಿ, ಅದರಲ್ಲಿ ಇಂಗಾಲ ಎಷ್ಟಿದೆ ಅಂತ ನಿಖರವಾಗಿ ಅಳೆದು, ಗಾಜಿನ ಬಾಟಲಿಗಳಲ್ಲಿ ತುಂಬಿ ಜಗತ್ತಿಗೆಲ್ಲ ಕಳಿಸುತ್ತಾ ಬಂದಿದೆ. ತೂಕದ ಬಟ್ಟು ಇದ್ದ ಹಾಗೆ. ಯಾವ ಹಡಗಿನವರೇ ಆಗಲಿ, ಮೊದಲು ಆ ಬಾಟಲಿಯ ನೀರನ್ನು ತಮ್ಮ ಉಪಕರಣದಲ್ಲಿ ಅಳೆದು, ಉತ್ತರ ಸರಿ ಬಂದರೆ ಮುಂದುವರಿಯುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಡೀ ಜಗತ್ತು ಹೆಚ್ಚುಕಡಿಮೆ ಒಂದೇ ಪ್ರಯೋಗಾಲಯದ ಬಟ್ಟನ್ನು ನಂಬಿ ನಡೆದಿದೆ. ಕೋವಿಡ್ ಕಾಲದಲ್ಲಿ ಅಲ್ಲಿನ ಕೆಲಸಕ್ಕೆ ಅಡ್ಡಿಯಾದಾಗ ಬಾಟಲಿಗಳಿಗೆ ಕೊರತೆ ಬಂತು. ಸಾವಿರಾರು ಕೋಟಿ ಟನ್ನಿನ ಲೆಕ್ಕ, ಬೆರಳೆಣಿಕೆಯ ಜನರ ಒಂದು ಕೋಣೆಯ ಮೇಲೆ ನಿಂತಿದೆ. ಯೋಚಿಸಿ.

ಹಡಗಿನ ಕೆಲಸವೂ ಕಣ್ಣು ಕುಕ್ಕುವಂಥದ್ದಲ್ಲ. ನಿಗದಿಯಾದ ಗೆರೆಯ ಮೇಲೆ ಹೋಗಬೇಕು. ಸುಮಾರು 55 ಕಿಲೋಮೀಟರಿಗೊಂದು ಕಡೆ ನಿಲ್ಲಬೇಕು. ಇಪ್ಪತ್ತನಾಲ್ಕು ಅಥವಾ ಮೂವತ್ತಾರು ಬಾಟಲಿ ಕಟ್ಟಿದ ಚೌಕಟ್ಟನ್ನು ತಳದವರೆಗೆ ಇಳಿಸಿ, ಮೇಲೆ ಎಳೆಯುತ್ತಾ ಒಂದೊಂದು ಆಳದಲ್ಲಿ ಒಂದೊಂದು ಬಾಟಲಿ ಮುಚ್ಚಬೇಕು. ಒಂದು ಜಾಗಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಹಗಲೂ ರಾತ್ರಿ, ವಾರಗಟ್ಟಲೆ. ಹತ್ತು ವರ್ಷ ಆದ ಮೇಲೆ ಮತ್ತೆ ಅದೇ ಗೆರೆ. ಇದರಲ್ಲಿ ಹೊಸದಾಗಿ ಕಂಡುಹಿಡಿದೆವು ಅಂತ ಹೇಳಿಕೊಳ್ಳಲು ಪ್ರತಿ ಸಲ ಏನೂ ಇರುವುದಿಲ್ಲ. ಅದಕ್ಕೇ ದುಡ್ಡು ಕಡಿತ ಮಾಡುವಾಗ ಮೊದಲು ಕತ್ತರಿ ಬೀಳುವುದು ಇಂಥ ಕೆಲಸಕ್ಕೆ.

ಮೇಲ್ನೀರಿನ ಅಳತೆಗೆ ಇನ್ನೊಂದು ದಾರಿ ಇದೆ. ಸರಕು ಹಡಗುಗಳಲ್ಲಿ, ಸಂಶೋಧನಾ ಹಡಗುಗಳಲ್ಲಿ ಉಪಕರಣ ಇಟ್ಟು, ಹೋಗುವ ದಾರಿಯುದ್ದಕ್ಕೂ ಅಳೆಯುವುದು. 2011ರಿಂದ ಈ ಅಳತೆಗಳನ್ನೆಲ್ಲ ಸೊಕ್ಯಾಟ್ ಅನ್ನುವ ಒಂದೇ ಭಂಡಾರದಲ್ಲಿ ಸೇರಿಸಿ ಯಾರು ಬೇಕಾದರೂ ನೋಡುವಂತೆ ಇಟ್ಟಿದ್ದಾರೆ. ಜಗತ್ತಿನ ವಾರ್ಷಿಕ ಇಂಗಾಲದ ಲೆಕ್ಕದಲ್ಲಿ ಸಮುದ್ರದ ಸಾಲು ಬರೆಯುವಾಗ ಈ ಭಂಡಾರ ಬೇಕೇ ಬೇಕು. 2017ರ ನಂತರ ಅದಕ್ಕೆ ಬರುವ ಅಳತೆಗಳು ಕಡಿಮೆಯಾಗಿವೆ. ಅಂದರೆ ಎಷ್ಟೋ ದೇಶಗಳು ನೆಟ್ ಝೀರೋ (ಗಾಳಿಗೆ ಬಿಟ್ಟಷ್ಟನ್ನು ವಾಪಸ್ ತೆಗೆಯುತ್ತೇವೆ) ಅಂತ ಘೋಷಣೆ ಮಾಡಿದ ಅದೇ ವರ್ಷಗಳಲ್ಲಿ.

ತೇಲುವ ಯಂತ್ರಗಳಿವೆಯಲ್ಲ ಅಂತ ಯಾರಾದರೂ ಕೇಳಬಹುದು. ಇವೆ, ಮತ್ತು ಅವು ಅದ್ಭುತ. ಸಮುದ್ರದಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳು 2,000 ಮೀಟರ್ ಆಳದವರೆಗೆ ಮುಳುಗೇಳುತ್ತಾ ಬಿಸಿ ಮತ್ತು ಉಪ್ಪು ಅಳೆಯುತ್ತಿವೆ. ಅವುಗಳಲ್ಲಿ ಒಂದಷ್ಟು ಮಾತ್ರ ಪಿಎಚ್, ಅಂದರೆ ನೀರಿನ ಆಮ್ಲೀಯತೆ (ಪಿಎಚ್ ಇಳಿದಷ್ಟೂ ಆಮ್ಲ ಜಾಸ್ತಿ), ಅಳೆಯಬಲ್ಲವು. ಅದರಿಂದ ಇಂಗಾಲವನ್ನು ಅಂದಾಜು ಮಾಡಬಹುದು. ದಕ್ಷಿಣ ಸಾಗರದ ಚಳಿಗಾಲದಲ್ಲಿ ಹಡಗು ಹೋಗುವುದೇ ಅಪರೂಪ, ಅಲ್ಲಿ ಇವುಗಳದೇ ಕಣ್ಣು. 2018ರಲ್ಲಿ ಈ ಯಂತ್ರಗಳ ಲೆಕ್ಕ, ಚಳಿಗಾಲದಲ್ಲಿ ಆ ಸಮುದ್ರ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಹೊರಗೆ ಬಿಡುತ್ತಿದೆ ಅಂದಿತು. 2021ರಲ್ಲಿ ವಿಮಾನದಿಂದ ಗಾಳಿ ಅಳೆದವರು, ಇಲ್ಲ, ಅದು ಚೆನ್ನಾಗಿಯೇ ಒಳಗೆ ಎಳೆಯುತ್ತಿದೆ ಅಂದರು. ಇಬ್ಬರೂ ಒಳ್ಳೆಯ ವಿಜ್ಞಾನಿಗಳೇ. ಇಂಥ ಜಗಳ ಬಿಡಿಸಲು ಕೊನೆಗೆ ಬೇಕಾಗುವುದು ಹಡಗಿನಲ್ಲಿ ಹೋಗಿ ತಂದ ಒಂದು ಬಾಟಲಿ ನೀರು. ತೇಲುಯಂತ್ರದ ಪಿಎಚ್ ಸರಿ ಇದೆಯೇ ಅಂತ ನೋಡುವುದೂ ಆ ನೀರಿನಿಂದಲೇ. ಯಂತ್ರ ಬಂತು, ಹಡಗು ಬೇಡ ಅನ್ನುವ ಕಡತ ನಿಮ್ಮ ಮೇಜಿಗೆ ಬಂದರೆ ದಯವಿಟ್ಟು ವಾಪಸ್ ಕಳಿಸಿ.

ಬಡ್ಡಿ ಇಲ್ಲದ ಸಾಲ ಅಂದೆ. ಅದು ಪೂರ್ತಿ ನಿಜವಲ್ಲ. ಮೇಲ್ನೀರಿನ ಪಿಎಚ್ ಆಗಲೇ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಸಣ್ಣ ಸಂಖ್ಯೆ ಅನಿಸುತ್ತದೆ. ಆದರೆ ಪಿಎಚ್‌ನ ಲೆಕ್ಕದಲ್ಲಿ ಅದಕ್ಕೆ ಹೈಡ್ರೋಜನ್ ಅಯಾನುಗಳು ನೂರಕ್ಕೆ ಮೂವತ್ತರ ಹತ್ತಿರ ಏರಿವೆ ಅಂತ ಅರ್ಥ. ಕಾರ್ಬೊನೇಟ್ ಅನ್ನುವ ಆಳುಗಳು ನೆನಪಿದೆಯಲ್ಲ, ಹವಳ, ಚಿಪ್ಪುಜೀವಿ, ಎಷ್ಟೋ ಪ್ಲಾಂಕ್ಟನ್‌ಗಳು ಮನೆ ಕಟ್ಟಲು ಬಳಸುವ ಸಾಮಾನು ಅದೇ. ನಮ್ಮ ಸಾಲ ಕೊಡಲು ಸಮುದ್ರ ತನ್ನ ಮಕ್ಕಳ ಮನೆಯ ಇಟ್ಟಿಗೆ ಮಾರುತ್ತಿದೆ. ಇದರ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಬರೆದಿದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ.

ಅಸಲಿನ ಮಾತು ಮಾತ್ರ ಹೇಳಲೇಬೇಕು. ನಿಮ್ಮ ಯೋಜನೆಗಳಲ್ಲಿ ಒಂದು ಹಂತ ಬರುತ್ತದೆ. ಹೊಗೆ ನಿಲ್ಲಿಸಿದ ಮೇಲೆ, ಗಾಳಿಯಲ್ಲಿ ಈಗಾಗಲೇ ಇರುವುದನ್ನು ಯಂತ್ರದಿಂದಲೋ ಮರದಿಂದಲೋ ಹೊರತೆಗೆಯುವುದು. ಒಳ್ಳೆಯದೇ. ಆದರೆ ಗಾಳಿಯಲ್ಲಿ ಒತ್ತಡ ಇಳಿದರೆ ಸೋಡಾ ಬಾಟಲಿಯ ಮುಚ್ಚಳ ಸಡಿಲ ಮಾಡಿದಂತೆ. ಸಮುದ್ರದ ಹಿಡಿತ ಸಡಿಲಾಗುತ್ತದೆ. ಮೇಲಿನ ಪದರಗಳು ಮೊದಲು ಕಡಿಮೆ ತೆಗೆದುಕೊಳ್ಳುತ್ತವೆ, ಇನ್ನೂ ಇಳಿಸಿದರೆ ಹಿಡಿದಿಟ್ಟದ್ದನ್ನು ವಾಪಸ್ ಬಿಡುತ್ತವೆ. ಗಾಳಿಯಿಂದ ತೆಗೆದಷ್ಟೂ ಗಾಳಿಯಲ್ಲಿ ಕಡಿಮೆ ಆಗುವುದಿಲ್ಲ. ಕೈಗಡ ಕೊಟ್ಟವರು ಆಗ ಬಾಗಿಲು ತಟ್ಟುತ್ತಾರೆ. ಎಷ್ಟು, ಯಾವಾಗ, ಎಲ್ಲಿಂದ ಅನ್ನುವುದು ಇಂಗಾಲ ಯಾವ ಪದರದಲ್ಲಿ ಕೂತಿದೆ ಅನ್ನುವುದರ ಮೇಲಿದೆ. ಅದನ್ನು ಹೇಳಬಲ್ಲದ್ದು ಹತ್ತು ವರ್ಷಕ್ಕೊಮ್ಮೆ ಇಳಿಯುವ ಆ ಬಾಟಲಿಗಳು.

ಹೊಗೆ ನಿಂತರೂ ಸಮುದ್ರ ಶತಮಾನಗಳ ಕಾಲ ತನ್ನ ಪಾಡಿಗೆ ನುಂಗುತ್ತಲೇ ಇರುತ್ತದೆ, ನಿಧಾನವಾಗಿ. ಆಮೇಲೆ ಸಾವಿರಾರು ವರ್ಷಗಳಲ್ಲಿ ತಳದ ಸುಣ್ಣದ ಕೆಸರು ಕರಗಿ, ಖರ್ಚಾದ ಕಾರ್ಬೊನೇಟನ್ನು ವಾಪಸ್ ತುಂಬುತ್ತದೆ. ಕೊನೆಯ ಪಾಲನ್ನು ನೆಲದ ಬಂಡೆಗಳು ಸವೆದು ತೀರಿಸಬೇಕು. ಅದಕ್ಕೆ ಲಕ್ಷಗಟ್ಟಲೆ ವರ್ಷ. ಅಂದರೆ ಈ ಸಾಲ ತಾನಾಗಿಯೇ ತೀರುತ್ತದೆ ಅನ್ನುವುದು ಸುಳ್ಳಲ್ಲ. ನಿಮ್ಮ ಯಾವ ಗುರಿಯ ವರ್ಷಕ್ಕೂ ಅದು ಉಪಯೋಗಕ್ಕೆ ಬರುವುದಿಲ್ಲ, ಅಷ್ಟೇ.

ಆದ್ದರಿಂದ ನನ್ನ ಕೋರಿಕೆ ದೊಡ್ಡದಲ್ಲ. ಸಮುದ್ರದ ಪಾಲನ್ನು ಯಾವ ದೇಶವೂ ತನ್ನ ಸಾಧನೆ ಅಂತ ತೋರಿಸದಿರಲಿ. ಸಮುದ್ರಕ್ಕೆ ಏನನ್ನೋ ಸುರಿದು ಇಂಗಾಲ ಮುಳುಗಿಸಿದೆವು ಅಂತ ಬರುವವರಿಗೆ, ಮುಳುಗಿದ್ದನ್ನು ಅಳೆದು ತೋರಿಸುವ ಮೊದಲು ಒಂದು ರಸೀದಿಯೂ ಸಿಗದಿರಲಿ. ಮತ್ತು ಅಳತೆಯ ಖರ್ಚನ್ನು ವರ್ಷ ವರ್ಷ ಅರ್ಜಿ ಹಾಕಿ ಬೇಡುವ ಸಂಶೋಧನೆಯ ದುಡ್ಡಿನಿಂದ ತೆಗೆದು, ಹವಾಮಾನ ವರದಿಗೆ ಕೊಡುವ ಹಾಗೆ ಕಾಯಂ ದುಡ್ಡಿಗೆ ಸೇರಿಸಿ. ಬಟ್ಟಿನ ಬಾಟಲಿ ತಯಾರಿಸುವ ಕೋಣೆಗಳು ಒಂದಕ್ಕಿಂತ ಹೆಚ್ಚು ಖಂಡಗಳಲ್ಲಿ ಇರಲಿ.

ಐಸ್‌ಲ್ಯಾಂಡ್ ಕಡೆಯಿಂದ ಅಟ್ಲಾಂಟಿಕ್‌ನ ನಡುವೆ ದಕ್ಷಿಣಕ್ಕೆ ಇಳಿಯುವ ಒಂದು ಗೆರೆ ಇದೆ. ಎ16ಎನ್ ಅಂತ ಅದರ ಹೆಸರು. 1993ರಲ್ಲಿ ಅದರ ಮೇಲೆ ಹಡಗು ಹೋಗಿ ತಳದವರೆಗೆ ಅಳೆದು ಬಂತು. 2003ರಲ್ಲಿ ಮತ್ತೆ ಹೋಯಿತು. 2013ರಲ್ಲಿ ಹೋಯಿತು. 2023ರಲ್ಲೂ ಹೋಯಿತು. ಮುಂದಿನ ಸರದಿ 2033. ಆ ಪ್ರಯಾಣದ ದುಡ್ಡು ಯಾವ ದೇಶದ, ಯಾವ ಕಡತದಲ್ಲಿದೆ ಅಂತ ದಯವಿಟ್ಟು ತಿಳಿಸುತ್ತೀರಾ?

ಇಂತಿ,
ಉತ್ತರಕ್ಕೆ ಕಾಯುವ ಒಬ್ಬ ಓದುಗ